ಬೆಳಿ ವಿಮಾ ಗೊತ್ತು, ಮನಿ ವಿಮಾ ಯಾಕ ಗೊತ್ತಿಲ್ಲ?

ಈ ಸಲ ಮೆಣಸಿನಕಾಯಿ ಬಿಟ್ಟು ಮನಿ ಬಗ್ಗೆ ಬರಿಯಾಕತ್ತೀನಿ. ಸ್ವಲ್ಪ ಉದ್ದ ಐತಿ, ಪುರಸೊತ್ತಾದಾಗ ಓದ್ರಿ.

ನಮ್ಮ ಕಾಗಿನೆಲೆಗೆ ಕೆರಿ ಐತಿ, ಹೊಳಿ ಇಲ್ಲ. ಆದ್ರ ನಮ್ಮ ಬೀಗರು-ಬಿಜ್ಜರು ಬಾಳ ಮಂದಿ ವರದಾ, ತುಂಗಭದ್ರಾ ದಂಡಿ ಮ್ಯಾಲೇ ಅದಾರ. 2019ರ ಆಗಸ್ಟ್‌ನಾಗ ವರದಾ ಏರಿದಾಗ ನಮ್ಮ ಅಕ್ಕನ ಮನ್ಯಾಗ ಎರಡು ದಿನ ಮೊಣಕಾಲಮಟ ನೀರು ನಿಂತಿತ್ತು. ನೀರು ಇಳಿದ ಮ್ಯಾಲೆ ಸರ್ವೆಕ್ಕ ಬಂದವರು ನೋಡಿದ್ರು, ಗೋಡಿ ನಿಂತಿತ್ತು, "ಸಿ" ಅಂತ ಬರಕೊಂಡು ಹೋದ್ರು. ಐದನೇ ದಿನ ಬಿಸಲು ಬಿತ್ತು ನೋಡ್ರಿ. ನೀರು ಕುಡಿದ ಮಣ್ಣಿನ ಗೋಡಿ ಒಣಗತಾ ಬಿರುಕು ಬಿಟ್ಟು, ಹಿತ್ತಲ ಕಡೆ ಮಾಳಗಿ ಸಮೇತ ಕುಂತುಬಿಡ್ತು.

ಆ ವರ್ಷದ ಪರಿಹಾರದಾಗ ಮುಕ್ಕಾಲು ಪಾಲಿಗಿಂತ ಹೆಚ್ಚು ಹಾಳಾದ ಮನಿ "ಎ", 5 ಲಕ್ಷ. ಶೇ 15ರಿಂದ 25 ಹಾಳಾಗಿದ್ರ "ಸಿ", 50 ಸಾವಿರ. ಒಂದು ಅಕ್ಷರದಾಗ ನಾಲ್ಕೂವರೆ ಲಕ್ಷ. ನಮ್ಮ ಮಾವ ಆ ಅಕ್ಷರದ ಸಲುವಾಗಿ ಅಡ್ಡಾಡಿದ್ದು ಅಷ್ಟಿಷ್ಟಲ್ಲ. ಬಂದವರ ತಪ್ಪು ಅಂತ ನಾನು ಅನ್ನೂದಿಲ್ಲ, ಅವರು ಅವತ್ತು ಕಂಡದ್ದು ಬರದ್ರು. ಆದ್ರ ಹೊಳಿ ನೀರಿನ ಹಾನಿ ಅವತ್ತೇ ಕಾಣೂದಿಲ್ಲ.

ಇದು ನಮ್ಮಲ್ಲಿ ಅಷ್ಟೇ ಅಲ್ಲ. 2021ರ ಜುಲೈನಾಗ ಜರ್ಮನಿಯೊಳಗ ದೊಡ್ಡ ಪ್ರವಾಹ ಬಂತು. ಅಲ್ಲಿನ ವಿಮಾ ಕಂಪನಿಗಳು ಮೊದಲು ಅಂದಾಜು ಮಾಡಿದ್ದು 400ರಿಂದ 500 ಕೋಟಿ ಯುರೋ, ಕೆಲವೇ ತಿಂಗಳಿನಾಗ ಅದು 800 ಕೋಟಿ ದಾಟಿತು. ಅಷ್ಟು ಲೆಕ್ಕ ಬಲ್ಲವರದೇ ಹಿಂಗಾದ್ರ ಒಂದು ದಿನ ಕಣ್ಣಳತಿ ಮಾಡಿದವರದು ಹೆಂಗ ಸರಿ ಬರತೈತಿ?

ಕಂಪನಿಯವರ ಅಂದಾಜಿನ ಲೆಕ್ಕ ತಿಳಿಯಾಕ ಕಷ್ಟ ಏನಿಲ್ಲ. ಮನ್ಯಾಗ ಎಷ್ಟು ಎತ್ತರ ನೀರು, ಎಷ್ಟು ಹೊತ್ತು ನಿಂತಿತ್ತು, ಗೋಡಿ ಎಂಥಾದ್ದು, ಅದನ್ನ ಮತ್ತ ಕಟ್ಟಾಕ ಎಷ್ಟು ಬೇಕು, ಇಷ್ಟ. ಮೂರು ಫೂಟು ನೀರಿಗೆ ಸಿಮೆಂಟಿನ ಮನ್ಯಾಗ ವೈರಿಂಗು, ಬಾಗಲಾ, ಕಾಳು-ಕಡಿ ಹಾಳಾಗತಾವ. ಅದೇ ನೀರಿಗೆ ಮಣ್ಣಿನ ಮನಿ ಪೂರ್ತಿ ಹೋಗಬಹುದು. ಆದ್ರ ನಮ್ಮ ಕಡೆ ಹೊಳಿ ಬಂದಾಗ ಕಂಪನಿ ಪುಸ್ತಕದಾಗ ಮನಿ ಹಾನಿ ಹೆಚ್ಚೂಕಡಿಮಿ ಸೊನ್ನೆ. ಹಾನಿ ಇಲ್ಲ ಅಂತಲ್ಲ, ವಿಮಾ ಮಾಡಿಸಿದವರೇ ಇಲ್ಲ.

ಬೆಳಿ ವಿಮಾಕ್ಕ ಕಡೇ ದಿನ ರಾತ್ರಿತನಕ ಸಾಲಿನಾಗ ನಿಲ್ಲತೀವಿ. ಅದರಾಗ ಹೆಚ್ಚಾಗಿ ಪಂಚಾಯ್ತಿ ಸರಾಸರಿ ನೋಡಿ ರೊಕ್ಕ ಕೊಡತಾರ. ಮನಿ ವಿಮಾ ಹಂಗಲ್ಲ, ನಿಮ್ಮ ಮನಿ ಒಂದೇ ನೋಡತಾರ. 2021ರ ಏಪ್ರಿಲ್‌ದಿಂದ ಭಾರತ್ ಗೃಹ ರಕ್ಷಾ ಅನ್ನೂ ಒಂದೇ ನಮೂನಿ ಪಾಲಿಸಿ ಬಂದೈತಿ, ಪ್ರವಾಹ ಅದರಾಗ ಸೇರೈತಿ. ಜಾಗದ ಬೆಲಿ ಹಿಡಿಯೂದಿಲ್ಲ, ಕಟ್ಟೂ ಖರ್ಚು ಹಿಡೀತಾರ. 600 ಚದರಡಿಗೆ 1500ರಂಗ ಹಿಡಿದ್ರ 9 ಲಕ್ಷ. ಮನಿ ಸಾಮಾನಿಗೆ ಅದರ ಶೇ 20, ಅಂದ್ರ 1 ಲಕ್ಷ 80 ಸಾವಿರ, ಜೋಡಿಗೇ ಬರತೈತಿ.

ಮಣ್ಣಿನ ಗೋಡಿ ಮನಿ ತಗೋತೀರೇನು ಅಂತ ಮೊದಲೇ ಕೇಳ್ರಿ. ಮಾರಾಕ ಒಟ್ಟಿದ ಮೆಣಸಿನಕಾಯಿ ಚೀಲ ಸಾಮಾನಿನಾಗ ಬರತೈತೇನು ಅಂತನೂ ಕೇಳಿ, ಕಾಗದದ ಮ್ಯಾಲೆ ಬರಸಿಕೊಳ್ರಿ. ಬಾಯಿ ಮಾತು ನಂಬಬ್ಯಾಡ್ರಿ.

ವಿಮಾ ಬ್ಯಾಡ ಅನ್ನವರು ಇಷ್ಟರೆ ಮಾಡ್ರಿ. ಮಳಿಗಾಲಕ್ಕ ಮೊದಲು ಟೇಪು ಹಿಡಿದು ಮನಿ ಅಳತಿ ಬರದಿಟ್ಟು, ಒಳಗ ಹೊರಗ ಫೋಟೋ ತೆಗೆದು ಬ್ಯಾರೆ ಊರಿನ ಮಗಳಿಗೋ ಅಳಿಯನಿಗೋ ಕಳಿಸಿ ಇಡ್ರಿ. ನೀರು ಬಂದ್ರ ಗೋಡಿ ಮ್ಯಾಲೆ ಇದ್ದಲಿಯಿಂದ ಗೆರಿ ಎಳದು ತಾರೀಖು ಹಾಕ್ರಿ. ಸರ್ಕಾರಕ್ಕ ನಾನು ಕೇಳೂದು ಒಂದೇ: ಮಣ್ಣಿನ ಮನಿಗೆ ಹದಿನೈದು ದಿನ ಬಿಟ್ಟು ಎರಡನೇ ಸಲ ಸರ್ವೆ ಮಾಡಬೇಕು. ಬರೂ ಗ್ರಾಮಸಭೆಯಾಗ ಇದನ್ನ ಬರದು ಕೊಡಾವಿದ್ದೀನಿ, ಹೊಳಿ ದಂಡಿ ಊರಿನವರೂ ನಿಮ್ಮ ನಿಮ್ಮ ಸಭೆಯಾಗ ಕೊಡ್ರಿ.