ಜರ್ಸಿಗೆ ಇಸ್ತ್ರಿ ಹಾಕ್ತೇವೆ, ಮೊಣಕಾಲು ಯಾರು ನೋಡ್ತಾರೆ?

ಏಪ್ರಿಲ್ ಬಂತು ಅಂದ್ರೆ ನಮ್ಮ ಕೊಡಗಿನ ಮನೆಗಳಲ್ಲಿ ಹೆಂಗಸರಿಗೆ ಎರಡು ಕೆಲಸ. ಒಂದು, ತೋಟಕ್ಕೆ ಮಳೆ ಬಂತಾ ಅಂತ ಆಕಾಶ ನೋಡುದು. ಇನ್ನೊಂದು, ಆಟಕ್ಕೆ ಹೊರಟ ಮಕ್ಕಳ ಜರ್ಸಿ ಒಗೆಯುದು. ಕೊಡವ ಕುಟುಂಬಗಳ ಹಾಕಿ 1997ರಲ್ಲಿ ಕರಡದಲ್ಲಿ 60 ತಂಡದಿಂದ ಸುರುವಾದ್ದು, 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ ಆಯ್ತು. ನಮ್ಮ ಗೌಡ ಕುಟುಂಬಗಳದ್ದು ಕ್ರಿಕೆಟ್ಟು. ಮಳೆಗಾಲ ಬಂದ್ರೆ ಕೆಸರುಗದ್ದೆ ಆಟ. ಅದರಲ್ಲಿ ನಾವೂ ಹಗ್ಗ ಎಳೀತೇವೆ, ಥ್ರೋಬಾಲ್ ಆಡ್ತೇವೆ.

ಇಷ್ಟು ಆಡುವ ಜಿಲ್ಲೆ ನಮ್ಮದು. ಆದ್ರೆ ಆಡುವ ಮಕ್ಕಳ ಮೊಣಕಾಲಿನ ಬಗ್ಗೆ ನಾವು ಮಾತಾಡುದು ಅದು ಹೋದ ಮೇಲೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ಶಿನ್‌ಗಾರ್ಡ್ ಇಲ್ಲದೆ ಮಗಳನ್ನು ಹಾಕಿಗೆ ಕಳಿಸುದಿಲ್ಲ ಅಲ್ವಾ? ಹಾಗೆಯೇ ಕಾಲನ್ನು ತಯಾರು ಮಾಡದೆ ಕಳಿಸ್ಲೂ ಬಾರದು. ಇದನ್ನು ಕೇಳಬೇಕಾದವರು ನಾವು, ಅವ್ವಂದಿರು.

ಇದು ನಂಗೆ ಗೊತ್ತಾದ್ದು ಪೆಟ್ಟು ತಿಂದ ಮೇಲೆ. ಮಗಳು ಕಾಲೇಜು ಟೀಮಿನಲ್ಲಿ ಹಾಕಿ ಆಡ್ತಿದ್ದಳು. ಮೂರು ವರ್ಷದ ಹಿಂದೆ ಒಂದು ಮ್ಯಾಚಿನಲ್ಲಿ ಬಿದ್ದಳು. ಯಾರೂ ದೂಡಿದ್ದಲ್ಲ, ಯಾರ ಸ್ಟಿಕ್ಕೂ ತಾಗಿದ್ದಲ್ಲ. ಜೋರು ಓಡ್ತಾ ಇದ್ದವಳು ಗಕ್ಕನೆ ನಿಂತು ತಿರುಗಿದಳು, ಅಷ್ಟೆ. ಮಂಡಿಯೊಳಗೆ “ಟಪ್” ಅಂತ ಕೇಳಿತಂತೆ. ಸಂಜೆ ಮನೆಗೆ ಬರುವಾಗ ಮೊಣಕಾಲು ಊದಿ ಚಕ್ಕೋತದ ಹಾಗೆ ಆಗಿತ್ತು.

“ಎಂಥ ಆತ್ ಗೂಡೆ?” ಅಂತ ಕೇಳಿದೆ.

“ಎಂಥ ಇಲ್ಲೆ ಅವ್ವ, ಕಾಲ್ ತಿರ್ಗಿತ್ ಅಷ್ಟೆ” ಅಂದಳು.

ಅಲ್ಲಿಂದ ನಾನು ಮಾಡಿದ್ದೆಲ್ಲ ತಪ್ಪು. ಎಣ್ಣೆ ಬಿಸಿ ಮಾಡಿ ತಿಕ್ಕಿದೆ. ಬಿಸಿನೀರು ಹೊಯ್ದೆ. ಮರುದಿನ ಉಳುಕು ತೆಗೆಯುವವರ ಹತ್ರ ಕರ್ಕೊಂಡು ಹೋಗಿ ಕಾಲು ಎಳೆಸಿದೆ. ವಾರ ಕಳೆದು ಎಕ್ಸ್‌ರೇ ತೆಗೆಸಿದಾಗ ಮೂಳೆ ಸರಿ ಉಂಟು ಅಂತ ಬಂತು, ನಂಗೆ ಸಮಾಧಾನ. ನೆಂಟರಲ್ಲಿ ಹಿರಿಯರೊಬ್ಬರು “ಕಾಲಿನ ಸುದ್ದಿ ಹೊರಗೆ ಹೇಳ್ಬೇಡ, ನಾಳೆ ಸಂಬಂಧ ಬರುವಾಗ ಕಷ್ಟ” ಅಂದ್ರು. ನಾನೂ ಬಾಯಿ ಮುಚ್ಚಿಕೊಂಡೆ. ಊತ ಇಳಿದ ಮೇಲೆ ಅವಳು ಪುನಃ ಆಡ್ಲಿಕ್ಕೆ ಹೋದಳು.

ಎರಡು ತಿಂಗಳಾದ ಮೇಲೆ ಮನೆ ಮೆಟ್ಟಿಲು ಇಳಿಯುವಾಗ ಮಂಡಿ ತಾನಾಗಿ ಜಾರಿ ಬಿದ್ದಳು. ಆಗ ಎಂ.ಆರ್.ಐ. ಮಾಡಿಸಿದೆವು. ಎ.ಸಿ.ಎಲ್. ಅನ್ನುವ ಲಿಗಮೆಂಟು ಪೂರ್ತಿ ಹರಿದಿತ್ತು. ಮೂಳೆಗಳ ನಡುವೆ ಮೆತ್ತೆಯ ಹಾಗೆ ಇರುವ ಮೆನಿಸ್ಕಸ್ ಕೂಡ ಹರಿದಿತ್ತು. “ಇದು ಮೊದಲ ದಿನವೇ ಹರಿದದ್ದೋ, ಈ ಎರಡು ತಿಂಗಳಲ್ಲಿ ಹರಿದದ್ದೋ ಹೇಳ್ಲಿಕ್ಕೆ ಆಗುದಿಲ್ಲಮ್ಮ” ಅಂದ್ರು ಡಾಕ್ಟ್ರು. ಆ ಮಾತು ನಂಗೆ ಇವತ್ತಿಗೂ ಚುಚ್ಚುತ್ತದೆ.

ಲಿಗಮೆಂಟು ಅಂದ್ರೆ ಒಂದು ಮೂಳೆಯನ್ನು ಇನ್ನೊಂದಕ್ಕೆ ಕಟ್ಟಿ ಹಿಡಿಯುವ ಹುರಿಯ ಹಾಗೆ. ತೊಡೆಯ ಮೂಳೆಯ ಕೆಳಗೆ ಕಾಲಿನ ಮೂಳೆ ಮುಂದಕ್ಕೆ ಜಾರದ ಹಾಗೆ ತಡೆಯುದು ಈ ಎ.ಸಿ.ಎಲ್. ಎಕ್ಸ್‌ರೇಯಲ್ಲಿ ಇದು ಕಾಣುದಿಲ್ಲ. ಪೂರ್ತಿ ಹರಿದ್ರೆ ಸಾಮಾನ್ಯವಾಗಿ ತಾನಾಗಿ ಕೂಡಿಕೊಳ್ಳುದೂ ಇಲ್ಲ. ಕೆಲವರಿಗೆ ವ್ಯಾಯಾಮದಲ್ಲೇ ನಡೀತದೆ. ಓಡಿ ತಿರುಗುವ ಆಟ ಪುನಃ ಆಡಬೇಕು ಅನ್ನುವವರಿಗೆ ಹೆಚ್ಚಾಗಿ ಆಪರೇಷನ್. ಅದಾದ ಮೇಲೂ ಮೈದಾನಕ್ಕೆ ಇಳಿಯಲು 9 ತಿಂಗಳಾದ್ರೂ ಬೇಕು. ಅವಸರ ಮಾಡಿದ್ರೆ ಮತ್ತೆ ಹರಿಯುವ ಸಂಭವ ಹೆಚ್ಚು.

ಮೊಣಕಾಲು ದೊಡ್ಡವರನ್ನೂ ಬಿಡುದಿಲ್ಲ. ನಮ್ಮ ಸೋಮವಾರಪೇಟೆಯ ಎಸ್.ವಿ. ಸುನಿಲ್ ಎಷ್ಟು ವೇಗದ ಆಟಗಾರ! ಮೊಣಕಾಲಿನ ಗಾಯದಿಂದ ಅವರಿಗೆ 2018ರ ಭುವನೇಶ್ವರದ ವಿಶ್ವಕಪ್ ತಪ್ಪಿತು. ಆಮೇಲೆ ಭಾರತ ತಂಡಕ್ಕೆ ವಾಪಸ್ ಬಂದ್ರು. ಅವರ ಹಿಂದೆ ಡಾಕ್ಟ್ರು, ಫಿಸಿಯೋ ಎಲ್ಲ ಇದ್ರು. ನಮ್ಮ ಮಕ್ಕಳ ಹಿಂದೆ ನಾವು ಮತ್ತೆ ಎಣ್ಣೆ ಬಾಟ್ಲಿ.

ಹೆಣ್ಣುಮಕ್ಕಳಿಗೆ ಈ ಪೆಟ್ಟು ಹೆಚ್ಚು. ಒಂದೇ ಆಟ ಆಡಿದ್ರೂ ಗಂಡುಮಕ್ಕಳಿಗಿಂತ ಎರಡು ಪಟ್ಟಾದ್ರೂ ಅಪಾಯ ಅಂತ ತಿಳಿದವರು ಹೇಳ್ತಾರೆ. 2023ರ ಮಹಿಳಾ ಫುಟ್‌ಬಾಲ್ ವಿಶ್ವಕಪ್ಪಿಗೆ ಇಂಗ್ಲೆಂಡಿನ ನಾಯಕಿ ಲಿಯಾ ವಿಲಿಯಮ್ಸನ್ ಹೋಗ್ಲಿಕ್ಕೆ ಆಗದೇ ಇದ್ದದ್ದು ಇದೇ ಎ.ಸಿ.ಎಲ್. ಹರಿದು. ಮೈಕಟ್ಟು ಒಂದು ಕಾರಣ, ಹಾರಿ ಇಳಿಯುವಾಗ ಮಂಡಿ ಒಳಗೆ ಬಾಗುದು ಇನ್ನೊಂದು. ಗಂಡುಮಕ್ಕಳನ್ನು ಚಿಕ್ಕಂದಿನಿಂದ ಕಸರತ್ತಿಗೆ ಕಳಿಸ್ತೇವೆ, ಹೆಣ್ಣುಮಕ್ಕಳಿಗೆ ಸೀದಾ ಮ್ಯಾಚು. ಇದೂ ಒಂದು ಕಾರಣ ಅಂತ ನನ್ನ ಎಣಿಕೆ. ಹಾಗಂತ ಹುಡುಗಿಯರಿಗೆ ಆಟವೇ ಬೇಡ ಅನ್ಬೇಡಿ. ಕಾಲು ಗಟ್ಟಿ ಮಾಡಿ ಕಳಿಸಿ ಅಂತ ನಾನು ಹೇಳುದು.

ಇದಕ್ಕೆ ದುಡ್ಡು ಬೇಡ. ಫುಟ್‌ಬಾಲಿನವರು “11 ಪ್ಲಸ್” ಅಂತ 20 ನಿಮಿಷದ ಒಂದು ವ್ಯಾಯಾಮ ಮಾಡಿದ್ದಾರೆ. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರಿಗೆ ಅದನ್ನು ಮಾಡಿಸಿ ನೋಡಿದ್ರು. ಒಟ್ಟು ಗಾಯಗಳು ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ ಆಯ್ತು ಅಂತ 2008ರಲ್ಲಿ ವರದಿ ಬಂತು. ಹಾಕಿಯಲ್ಲೂ ಅದೇ ಓಟ, ಅದೇ ತಿರುಗುದು. ಮಗಳಿಗೆ ಫಿಸಿಯೋ ಕಲಿಸಿದ್ದೂ ಹೆಚ್ಚುಕಡಿಮೆ ಇದೇ:

ಮೊದಲು ಮೆಲ್ಲಗೆ ಓಡಿ ಮೈ ಬಿಸಿ ಮಾಡುದು. ಒಂದೇ ಕಾಲಲ್ಲಿ ಅಲ್ಲಾಡದೆ ನಿಲ್ಲುದು. ಕುರ್ಚಿಯಲ್ಲಿ ಕೂರುವ ಹಾಗೆ ಅರ್ಧ ಕೂತು ಏಳುದು. ಮೊಣಕಾಲೂರಿ ನಿಂತು, ಹಿಂದಿನಿಂದ ಒಬ್ಬರು ಪಾದದ ಗಂಟು ಹಿಡಿದುಕೊಂಡಾಗ ಮೈ ನೇರ ಇಟ್ಟು ಮೆಲ್ಲ ಮುಂದಕ್ಕೆ ಬಾಗುದು. ಕೊನೆಗೆ ಹಾರಿ, ಸದ್ದಾಗದ ಹಾಗೆ ಮಂಡಿ ಮಡಚಿ ಇಳಿಯುದು. ಮಂಡಿ ಪಾದದ ನೇರಕ್ಕೇ ಇರಬೇಕು, ಒಳಗೆ ಬೀಳಬಾರದು. ಮ್ಯಾಚಿನ ದಿನ ಮಾತ್ರ ಮಾಡಿದ್ರೆ ಪ್ರಯೋಜನ ಇಲ್ಲ. ವಾರಕ್ಕೆ ಎರಡು ಮೂರು ಸಲ, ವರ್ಷಪೂರ್ತಿ ಬೇಕು.

ಇಷ್ಟಾಗಿಯೂ ಪೆಟ್ಟಾದ್ರೆ, “ಟಪ್” ಅಂತ ಕೇಳಿ ಕೆಲವೇ ಗಂಟೆಯಲ್ಲಿ ಊದಿದ್ರೆ, ಆಟ ಅಲ್ಲಿಗೇ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಕಾಲು ಎತ್ತರಕ್ಕೆ ಇಡಿ. ತಿಕ್ಕಬೇಡಿ, ಎಳೆಸಬೇಡಿ. ಮೂಳೆ ಡಾಕ್ಟ್ರಿಗೆ ತೋರಿಸಿ. ಎಕ್ಸ್‌ರೇ ಸರಿ ಉಂಟು ಅಂದ್ರೂ “ಲಿಗಮೆಂಟು ಹೇಗುಂಟು?” ಅಂತ ಕೇಳಿ.

ಕೆಸರುಗದ್ದೆಗೆ ಇಳಿಯುವ ಅಕ್ಕಂದಿರೇ, ಇದು ನಮಗೂ ಹೇಳಿದ್ದು. ಕಾಲು ಕೆಸರಲ್ಲಿ ಹೂತಿರ್ತದೆ, ಮೈ ಮಾತ್ರ ತಿರುಗ್ತದೆ. ಆ ಪೆಟ್ಟು ಸೀದಾ ಮಂಡಿಗೇ.

ಮಗಳು ಈಗ ಪುನಃ ಆಡ್ತಾಳೆ, ಆದ್ರೆ ಮೊದಲಿನ ಹಾಗೆ ತಿರುಗುವ ಧೈರ್ಯ ಇನ್ನೂ ಪೂರ್ತಿ ಬಂದಿಲ್ಲ. ಸಂಬಂಧದ ಮಾತು ಬಂದವರಿಗೆ ಕಾಲಿನ ವಿಷಯ ನಾನೇ ಮೊದಲು ಹೇಳ್ತೇನೆ. ಅದರಲ್ಲಿ ಮುಚ್ಚಿಡುವಂಥದ್ದು ಎಂತ ಉಂಟು? ಮುಚ್ಚಿಟ್ಟದ್ದರಿಂದಲೇ ಅಲ್ವಾ ಆ ಎರಡು ತಿಂಗಳು ಹೋದದ್ದು.

ಈ ಸಲ ಜರ್ಸಿ ಮಡಚಿ ಕೊಡುವಾಗ ಒಂದು ಮಾತು ಕೇಳಿ: “ವ್ಯಾಯಾಮ ಆತಾ ಗೂಡೆ?” ಇಲ್ಲೆ ಅಂದ್ರೆ, ಜರ್ಸಿ ನಿಮ್ಮ ಕೈಯಲ್ಲೇ ಇರಲಿ.