ಜಾಹೀರಾತು ತರುವವನೇ ಸುದ್ದಿ ಬರೆಯಬೇಕಾದಾಗ

ಹೋದ ತಿಂಗಳು ನಮ್ಮೂರ ಹುಡುಗನೊಬ್ಬ ಪತ್ರಿಕೋದ್ಯಮದಲ್ಲಿ ಎಂ.ಎ. ಮುಗಿಸಿ ಬಂದು, ‘ಅಣ್ಣಾ, ಜಿಲ್ಲಾ ಪತ್ರಿಕೆಯಲ್ಲಿ ಕೆಲಸ ಸಿಕ್ಕಿದೆ, ಸೇರಲಾ?’ ಎಂದು ಕೇಳಿದ. ಸೇರು ಅಂದುಬಿಟ್ಟೆ. ಅವನು ಹೋದ ಮೇಲೆ, ಅರ್ಧವನ್ನಷ್ಟೇ ಹೇಳಿದೆನಲ್ಲ ಅನ್ನಿಸಿತು. ಉಳಿದರ್ಧ ಇಲ್ಲಿದೆ.

ನಾನು ಮೂರು ವರ್ಷ ದುಡಿದದ್ದು ನಾಲ್ಕು ಪುಟದ ದಿನಪತ್ರಿಕೆಯಲ್ಲಿ. ಕೇಂದ್ರ ಸರ್ಕಾರದ ಜಾಹೀರಾತು ಲೆಕ್ಕದಲ್ಲಿ ದಿನಕ್ಕೆ 25,000 ಪ್ರತಿಯವರೆಗಿನದ್ದೆಲ್ಲ ‘ಸಣ್ಣ ಪತ್ರಿಕೆ’. ನಮ್ಮದು ಅದರ ಹತ್ತಿರಕ್ಕೂ ಸುಳಿಯುತ್ತಿರಲಿಲ್ಲ. ಕಚೇರಿಯಲ್ಲಿ ಇದ್ದವರು ಐದೇ ಜನ: ಸಂಪಾದಕರು, ಇಬ್ಬರು ವರದಿಗಾರರು, ಪುಟ ಕಟ್ಟುವ ಅಕ್ಕ, ಹಂಚಿಕೆ ನೋಡುವ ಹಿರಿಯರು. ಬೆಳಿಗ್ಗೆ ತಾಲ್ಲೂಕು ಪಂಚಾಯಿತಿ ಸಭೆ, ಮಧ್ಯಾಹ್ನ ಎಪಿಎಂಸಿ ದರ, ಸಂಜೆ ಅಪಘಾತ, ರಾತ್ರಿ ಪ್ರೂಫ್. ಹಿರಿಯರಿಗೆ ಜ್ವರ ಬಂದರೆ ನಸುಕಿನಲ್ಲಿ ಬಸ್ ಸ್ಟ್ಯಾಂಡಿಗೆ ಕಟ್ಟು ಹೊರುವುದೂ ನಾವೇ.

ಕಾಲೇಜಿನಲ್ಲಿ ಕಲಿಯದ್ದನ್ನು ಅಲ್ಲಿ ಕಲಿತೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಯೂನಿಕೋಡ್ ಬರಹವನ್ನು ನುಡಿಗೆ ಬದಲಿಸುವಾಗ ಒತ್ತಕ್ಷರ ಜಾರಿಬೀಳುತ್ತದೆ. ಹಾಗೊಮ್ಮೆ ತೀರಿಕೊಂಡವರೊಬ್ಬರ ಹೆಸರೇ ಕೆಟ್ಟು ಅಚ್ಚಾಯಿತು. ಮರುದಿನ ಅವರ ಮಗ ಕಚೇರಿಗೆ ಬಂದ. ಜಗಳವಾಡಲಿಲ್ಲ, ಪೇಪರ್ ಮೇಜಿನ ಮೇಲಿಟ್ಟು ಸುಮ್ಮನೆ ಕೂತ. ಅವತ್ತಿನಿಂದ ಇವತ್ತಿನವರೆಗೂ ಹೆಸರನ್ನು ಮೂರು ಸಲ ಓದದೆ ಬಿಡುವುದಿಲ್ಲ. ಬೆಂಗಳೂರಿನ ಚಾನೆಲ್ ಸೇರಿದ ನನ್ನ ಗೆಳೆಯ ಎರಡು ವರ್ಷ ಬರೀ ಪರದೆಯ ಕೆಳಗೆ ಓಡುವ ಸಾಲು ಟೈಪ್ ಮಾಡಿದ. ಅವನ ಸಂಬಳ ಮಾತ್ರ ಒಂದನೇ ತಾರೀಖಿಗೆ ಬರುತ್ತಿತ್ತು, ಅದನ್ನೂ ಹೇಳಬೇಕು.

ಇನ್ನೊಂದು ಸುಖವಿದೆ. ಒಂದು ಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕ ಎಂಟು ತಿಂಗಳಿಂದ ಬೀಗ ಹಾಕಿತ್ತು. ರಾಜ್ಯ ಮಟ್ಟದ ಪತ್ರಿಕೆಗೆ ಅದು ಸುದ್ದಿಯೇ ಅಲ್ಲ. ನಾವು ಮೊದಲ ಪುಟದಲ್ಲಿ ಹಾಕಿದೆವು. ನಾಲ್ಕನೇ ದಿನ ಮೆಕ್ಯಾನಿಕ್ ಬಂದ. ಮುಂದೆ ಆ ಊರಿಗೆ ಹೋದಾಗಲೆಲ್ಲ ಚಹಾಕ್ಕೆ ಯಾರೂ ದುಡ್ಡು ತೆಗೆದುಕೊಳ್ಳಲಿಲ್ಲ.

ಅದೇ ಊರಿನಾಚೆ ಒಂದು ಕಲ್ಲು ಕ್ರಷರ್ ಇತ್ತು. ಧೂಳು ಕೂತು ಮೆಣಸಿನ ಗಿಡವೆಲ್ಲ ಬೂದಿ ಬಣ್ಣ. ರೈತರು ನನ್ನನ್ನೇ ಹುಡುಕಿಕೊಂಡು ಬಂದರು, ನೀರಿನ ಸುದ್ದಿ ಬರೆದವನಲ್ಲವೇ ನಾನು! ಆದರೆ ಕ್ರಷರ್ ಮಾಲೀಕರಿಂದ ಆಗಸ್ಟ್ 15ರ ಶುಭಾಶಯದ ಅರ್ಧ ಪುಟ ತರುವವನೂ ನಾನೇ. ಅದರಲ್ಲಿ ನೂರಕ್ಕೆ ಹದಿನೈದು ನನಗೆ. ಅಭಿಪ್ರಾಯ ಕೇಳಲು ಫೋನ್ ಮಾಡಿದರೆ ಅವರು ಸಿಟ್ಟಾಗಲಿಲ್ಲ. ‘ಬರಿಯಪ್ಪಾ, ಬೇಡ ಅನ್ನಲ್ಲ. ಆಗಸ್ಟಿಗೆ ಮಾತ್ರ ನನ್ನ ಹತ್ರ ಬರಬೇಡ’ ಅಂದರು.

ಬರೆದುಕೊಟ್ಟೆ. ಮೂರು ದಿನ ಸಂಪಾದಕರ ಮೇಜಿನ ಮೇಲಿತ್ತು. ಆಮೇಲೆ ಮೂರನೇ ಪುಟದ ಮೂಲೆಯಲ್ಲಿ ‘ಕ್ರಷರೊಂದರಿಂದ ತೊಂದರೆ’ ಎಂದು ಬಂತು, ಹೆಸರಿಲ್ಲ, ಊರಿಲ್ಲ. ಸಂಪಾದಕರು ಕೆಟ್ಟವರಲ್ಲ. ಪ್ರೆಸ್ಸಿನವರಿಗೆ ಎರಡು ತಿಂಗಳ ಬಾಕಿಯಿತ್ತು, ನಮಗೂ ಇತ್ತು. ನಾನು ಯಾಕೆ ಹೀಗೆ ಎಂದು ಕೇಳಲಿಲ್ಲ. ಆ ವರ್ಷ ಅರ್ಧ ಪುಟ ಬಂತು, ನನ್ನ ಪಾಲೂ ಬಂತು. ಆ ಊರಲ್ಲಿ ಚಹಾ ಕುಡಿಯುವುದನ್ನು ಬಿಟ್ಟೆ.

ಜಾಹೀರಾತಿಲ್ಲದೆ ಪತ್ರಿಕೆ ನಡೆಸಬಹುದೆಂದು ಲಂಕೇಶರು 1980ರಿಂದ ತೋರಿಸಿದರಲ್ಲ ಎನ್ನುತ್ತೀರಿ. ಅದು ರಾಜ್ಯವೆಲ್ಲ ಓದುತ್ತಿದ್ದ ವಾರಪತ್ರಿಕೆ. ಒಂದು ಜಿಲ್ಲೆಯೊಳಗೆ ದಿನಾ ಅಚ್ಚು ಹಾಕುವವರಿಗೆ ಆ ಲೆಕ್ಕ ಕೂಡುವುದಿಲ್ಲ. ಹಾಗಂತ ಜಿಲ್ಲಾ ಪತ್ರಿಕೆ ಬದುಕುವುದೇ ಇಲ್ಲ ಅಂತಲ್ಲ. ರಾಜಶೇಖರ ಕೋಟಿಯವರ ‘ಆಂದೋಲನ’ ಧಾರವಾಡದಲ್ಲಿ ಶುರುವಾಗಿ ಮೈಸೂರಿನ ಮನೆಮನೆಯ ಪತ್ರಿಕೆಯಾಯಿತು. ನನ್ನ ತಕರಾರು ಜಾಹೀರಾತಿನ ಮೇಲಲ್ಲ. ಅದನ್ನು ತರುವ ಕೈಗೇ ಪೆನ್ನು ಕೊಡುವುದರ ಮೇಲೆ. ಒಬ್ಬ ಜಾಹೀರಾತು ಪ್ರತಿನಿಧಿಯನ್ನು ಕಮಿಷನ್ ಮೇಲೆ ಇಟ್ಟುಕೊಳ್ಳಲು ಹೆಚ್ಚಿನ ಖರ್ಚೇನೂ ಇಲ್ಲ, ವರದಿಗಾರನಿಗೆ ಕೊಡುವುದನ್ನೇ ಅವನಿಗೆ ಕೊಟ್ಟರಾಯಿತು.

ಇನ್ನು ಸಂಬಳ. ಮಜೀಠಿಯಾ ವೇತನ ಮಂಡಳಿಯ ಶಿಫಾರಸನ್ನು 2014ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ನಮ್ಮ ಕಚೇರಿಯಲ್ಲಿ ಆ ಹೆಸರನ್ನು ಯಾರೂ ಎತ್ತಲಿಲ್ಲ. ನೇಮಕಾತಿ ಪತ್ರವೇ ಇಲ್ಲ, ಕೊಡುತ್ತಿದ್ದದ್ದು ‘ಗೌರವಧನ’. ಗೌರವ ತಿಂಗಳಾ ಸಿಗುತ್ತಿತ್ತು, ಧನ ಸಿಕ್ಕಾಗ.

ಓದುವ ನಿಮಗೂ ಒಂದು ಮಾತು. ರಾತ್ರಿಯೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಪೇಪರಿನ ಪಿಡಿಎಫ್ ಪುಕ್ಕಟೆ ಓದಿ, ಬೆಳಿಗ್ಗೆ ‘ಪೇಪರಿನವರು ಮಾರಿಕೊಂಡಿದ್ದಾರೆ’ ಎನ್ನುವವರನ್ನು ಬಹಳ ಕಂಡಿದ್ದೇನೆ. ಆ ಮೆಣಸಿನ ರೈತರಲ್ಲಿ ನಾಲ್ಕು ಜನ ಚಂದಾದಾರರಾಗಿದ್ದರೂ ಸಂಪಾದಕರ ಫೋನ್ ಬೇರೆ ರೀತಿ ಬಡಿದುಕೊಳ್ಳುತ್ತಿತ್ತೇನೋ.

ಹುಡುಗನಿಗೆ ಆಮೇಲೆ ಫೋನ್ ಮಾಡಿ ಹೇಳಿದೆ: ನೇಮಕಾತಿ ಪತ್ರ ಕೇಳು, ಜಾಹೀರಾತು ತರಲ್ಲ ಅಂತ ಮೊದಲೇ ಹೇಳು, ಆಗದಿದ್ದರೆ ನಿನ್ನ ತಾಲ್ಲೂಕಿನಲ್ಲಾದರೂ ತರಬೇಡ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಅಣ್ಣಾ, ಸೇರಿ ಹತ್ತು ದಿನ ಆಯ್ತು. ಆಗಸ್ಟ್ ಹದಿನೈದರ ಟಾರ್ಗೆಟ್ ನಿನ್ನೆನೇ ಕೊಟ್ರು’ ಅಂದ.