ಜೇಬಿನಲ್ಲೇ ಉಳಿದ ಕಡಲೆ ಮಿಠಾಯಿ

ಮಕ್ಕಳೇ, ಕಳೆದ ವಾರ ಒಂದು ಶಾಲೆಗೆ ಹೋಗಿದ್ದೆ. ಐದನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, “ಸಾರ್, ಓಟದಲ್ಲಿ ನೀವು ಯಾವತ್ತಾದ್ರೂ ಸೋತಿದ್ದೀರಾ?” ಎಂದು ಕೇಳಿದ. ಎಲ್ಲರೂ ನಕ್ಕರು. ನಾನು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಅವನಿಗೆ ಕೊಡಬೇಕಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್ ಓಟ. ಅದಕ್ಕಿಂತ ದೂರದ್ದೆಲ್ಲ ಅಲ್ಟ್ರಾ ಮ್ಯಾರಥಾನ್. ಇಂಥ ಓಟಗಳಲ್ಲಿ ಬಹಳ ಹಳೆಯದು ದಕ್ಷಿಣ ಆಫ್ರಿಕಾದ ಕಾಮ್ರೇಡ್ಸ್ ಮ್ಯಾರಥಾನ್. ಮೊದಲ ಮಹಾಯುದ್ಧದಲ್ಲಿ ಮಡಿದ ಗೆಳೆಯರ ನೆನಪಿಗಾಗಿ ವಿಕ್ ಕ್ಲ್ಯಾಪಮ್ ಎಂಬ ಸೈನಿಕ 1921ರಲ್ಲಿ ಇದನ್ನು ಶುರು ಮಾಡಿದ. ಆ ವರ್ಷ ಹೊರಟವರು 34 ಮಂದಿ, ಮುಟ್ಟಿದವರು 16. ಸಮುದ್ರ ತೀರದ ಡರ್ಬನ್ ಮತ್ತು ಎತ್ತರದಲ್ಲಿರುವ ಪೀಟರ್‌ಮಾರಿಟ್ಜ್‌ಬರ್ಗ್ ಊರುಗಳ ನಡುವೆ ಸುಮಾರು 90 ಕಿಲೋಮೀಟರ್ ಓಡಬೇಕು. ಮೈಸೂರಿನಿಂದ ಮಂಡ್ಯಕ್ಕೆ ಓಡಿಹೋಗಿ, ತಿರುಗಿ ಮೈಸೂರಿಗೆ ಓಡಿಬಂದ ಹಾಗೆ! ಒಮ್ಮೆ ಕೆಳಗಿನಿಂದ ಮೇಲಕ್ಕೆ, ಇನ್ನೊಮ್ಮೆ ಮೇಲಿನಿಂದ ಕೆಳಕ್ಕೆ. ಸಮಯ 12 ಗಂಟೆ ಮಾತ್ರ.

ನಾನು ಬ್ಯಾಂಕಿನ ಗುಮಾಸ್ತ. ನಲವತ್ತು ದಾಟಿದ ಮೇಲೆ ಓಡಲು ಕಲಿತವನು. ವೈದ್ಯರಿಗೆ ತೋರಿಸಿಕೊಂಡು, ಅವರು ಹೂಂ ಅಂದ ಮೇಲೆ ತಯಾರಿಗಿಳಿದೆ. ವಾರದಲ್ಲಿ ಎರಡು ದಿನ ಚಾಮುಂಡಿ ಬೆಟ್ಟದ ರಸ್ತೆ. ಭಾನುವಾರ ನಸುಕಿಗೇ ಎದ್ದು ಶ್ರೀರಂಗಪಟ್ಟಣಕ್ಕೆ ಹೋಗಿ ಬಂದರೆ ಮೂವತ್ತು ಕಿಲೋಮೀಟರ್. ತಿಂಗಳು ಕಳೆದಂತೆ ಅದು ನಲವತ್ತಾಯಿತು, ಐವತ್ತಾಯಿತು. ಅಮ್ಮ ಬಾಗಿಲು ತೆರೆದು, “ನಾಯಿಗೀಯಿ ಅಟ್ಟಿಸಿಕೊಂಡು ಬಂತೇನೋ?” ಎನ್ನುತ್ತಿದ್ದಳು. ಆದರೆ ರಾಗಿ ಅಂಬಲಿ ಒಲೆಯ ಮೇಲೆ ಬೆಚ್ಚಗೆ ಇರುತ್ತಿತ್ತು.

ಹೊರಡುವ ದಿನ ಅಮ್ಮ ಒಂದು ಪೊಟ್ಟಣ ಕೊಟ್ಟಳು. ಅವಳೇ ಮಾಡಿದ ಕಡಲೆ ಮಿಠಾಯಿ. “ದಾರಿಯಲ್ಲಿ ತಿನ್ನು” ಎಂದಳು. ನಾನು ಚಡ್ಡಿಯ ಜೇಬಿಗೆ ಸೇರಿಸಿಕೊಂಡೆ.

ಆ ಸಲ ಡರ್ಬನ್ನಿನಿಂದ ಮೇಲಕ್ಕೆ ಓಟ. ಇನ್ನೂ ಕತ್ತಲು. ಸಾವಿರಾರು ಜನ ಒಟ್ಟಿಗೆ ಹಾಡಿದರು. ಆಮೇಲೆ ಧ್ವನಿವರ್ಧಕದಲ್ಲಿ ಕೋಳಿ ಕೂಗಿತು. ಬಹಳ ಹಿಂದೆ ಓಟಗಾರನೊಬ್ಬ ತಮಾಷೆಗೆ ಕೋಳಿಯಂತೆ ಕೂಗಿದ್ದನಂತೆ. ಅದೇ ಪದ್ಧತಿಯಾಗಿ ಉಳಿದಿದೆ. ಕೋಳಿ ಕೂಗಿದ್ದೇ ತಡ, ತುಪಾಕಿಯ ಸದ್ದು. ನಾನು ಬಾಣದಂತೆ ಹೊರಟೆ.

ಅದೇ ನಾನು ಮಾಡಿದ ತಪ್ಪು. ಜನ ಚಪ್ಪಾಳೆ ತಟ್ಟಿದಂತೆಲ್ಲ ವೇಗ ಹೆಚ್ಚಿಸಿದೆ. ಏರುಗಳಲ್ಲಿ ಎಲ್ಲರೂ ನಡೆಯುತ್ತಿದ್ದರೆ ನಾನು ಓಡಿದೆ. ದಾರಿಬದಿಯಲ್ಲಿ ಬೇಯಿಸಿದ ಆಲೂಗಡ್ಡೆಗೆ ಉಪ್ಪು ಹಾಕಿ ಕೊಡುತ್ತಿದ್ದರು. “ಹಸಿವಿಲ್ಲ, ಆಮೇಲೆ ನೋಡೋಣ” ಅಂದುಕೊಂಡು ಮುಂದೆ ಹೋದೆ. ನಮ್ಮ ಸ್ನಾಯುಗಳಲ್ಲೂ ಪಿತ್ತಜನಕಾಂಗದಲ್ಲೂ ಸಕ್ಕರೆಯ ಒಂದು ಸಣ್ಣ ಕಣಜವಿದೆ, ಮಕ್ಕಳೇ. ವೇಗವಾಗಿ ಓಡಿದರೆ ಕೆಲವೇ ಗಂಟೆಗಳಲ್ಲಿ ಅದು ಬರಿದಾಗುತ್ತದೆ. ನನ್ನದು ಅರ್ಧ ದಾರಿಯಲ್ಲೇ ಬರಿದಾಯಿತು. ಕಾಲು ಮರದ ಕೊರಡಾಯಿತು. ಆಗ ತಿನ್ನಲು ಹೋದರೆ ಹೊಟ್ಟೆ ಒಲ್ಲೆ ಎಂದಿತು. ಕೊನೆಯ ದೊಡ್ಡ ಗುಡ್ಡ ಪಾಲಿ ಶಾರ್ಟ್ಸ್ ಅನ್ನು ಮಗುವಿನ ಹಾಗೆ ಹೆಜ್ಜೆ ಎಣಿಸುತ್ತಾ ಹತ್ತಿದೆ.

ಹನ್ನೆರಡು ಗಂಟೆ ತುಂಬುವಾಗ ಅಧಿಕಾರಿಯೊಬ್ಬರು ಓಟಗಾರರಿಗೆ ಬೆನ್ನು ಮಾಡಿ ನಿಂತು ಗುಂಡು ಹಾರಿಸುತ್ತಾರೆ. ಮುಖ ನೋಡಿದರೆ ಯಾರಿಗಾದರೂ ಕರುಣೆ ಹುಟ್ಟೀತಲ್ಲ! ಆ ಸದ್ದು ನನಗೆ ಕೇಳಿಸಿದಾಗ ಗುರಿ ಇನ್ನೂ ನಾಲ್ಕು ನಿಮಿಷ ದೂರವಿತ್ತು. ಪದಕವಿಲ್ಲ, ಪಟ್ಟಿಯಲ್ಲಿ ಹೆಸರಿಲ್ಲ. ರಸ್ತೆಯ ಅಂಚಿನಲ್ಲಿ ಕೂತು ಅತ್ತೆ.

ಮರುದಿನ ಕುಂಟುತ್ತಾ ಆ ಊರಿನ ರೈಲು ನಿಲ್ದಾಣಕ್ಕೆ ಹೋದೆ. 1893ರ ಜೂನ್ 7ರ ರಾತ್ರಿ ಗಾಂಧೀಜಿಯವರನ್ನು ರೈಲಿನಿಂದ ಕೆಳಗೆ ತಳ್ಳಿದ್ದು ಅಲ್ಲೇ. ಟಿಕೆಟ್ ಇದ್ದರೂ ಬಿಳಿಯರ ಡಬ್ಬಿಯಲ್ಲಿ ಕೂತದ್ದು ತಪ್ಪಾಯಿತಂತೆ. ಅಲ್ಲಿ ಜೂನ್ ಎಂದರೆ ಚಳಿಗಾಲ. ಅವರು ಆ ರಾತ್ರಿಯನ್ನು ಚಳಿಯಲ್ಲಿ ನಡುಗುತ್ತಾ ಕಳೆದರು. ಅದು ಅನ್ಯಾಯ. ನನ್ನದು ನಾನೇ ಮಾಡಿಕೊಂಡ ತಪ್ಪು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬಾರದು. ಆದರೂ ಅಲ್ಲಿ ನಿಂತಾಗ, ನನಗೆ ಯಾರೂ ಮೋಸ ಮಾಡಿಲ್ಲವಲ್ಲ ಎಂಬುದು ಮನಸ್ಸಿಗೆ ಬಂತು. ಅಳು ನಿಂತಿತು.

ಊರಿಗೆ ಬಂದಾಗ ಬಟ್ಟೆ ಒಗೆಯಲು ತೆಗೆದ ಅಮ್ಮನ ಕೈಗೆ ಆ ಪೊಟ್ಟಣ ಸಿಕ್ಕಿತು. ಬಿಚ್ಚಿಯೇ ಇರಲಿಲ್ಲ. ಅವಳು ಬಯ್ಯಲಿಲ್ಲ. “ಹೊಟ್ಟೆ ಹಸಿದ ಮೇಲೆ ಒಲೆ ಹಚ್ಚಿದರೆ ಅನ್ನ ಯಾವಾಗ ಬೇಯಬೇಕಪ್ಪಾ?” ಎಂದಳು, ಅಷ್ಟೇ.

ಇನ್ನೊಂದು ವರ್ಷ ತಯಾರಿ ಮಾಡಿದೆ. ಈ ಸಲ ಓಡುವುದಷ್ಟೇ ಅಲ್ಲ, ಓಡುತ್ತಾ ತಿನ್ನುವುದನ್ನೂ ಕಲಿತೆ. ಅರ್ಧ ಗಂಟೆಗೊಂದು ತುಂಡು ಕಡಲೆ ಮಿಠಾಯಿ, ಹಸಿವಿರಲಿ ಇಲ್ಲದಿರಲಿ. ಬಾಯಾರಿದಷ್ಟೇ ನೀರು, ಜೊತೆಗೆ ಉಪ್ಪು. ಬರೀ ನೀರನ್ನೇ ವಿಪರೀತ ಕುಡಿದರೂ ಅಪಾಯ. ಏರು ಬಂದರೆ ನಾಚಿಕೆಯಿಲ್ಲದೆ ನಡಿಗೆ.

ಎರಡನೇ ಸಲ 11 ಗಂಟೆ 41 ನಿಮಿಷಕ್ಕೆ ಗೆರೆ ದಾಟಿದೆ. ಕೊನೆಯ ಗಂಟೆಯಲ್ಲಿ ಬಂದವರಿಗೆ ವಿಕ್ ಕ್ಲ್ಯಾಪಮ್ ಹೆಸರಿನ ತಾಮ್ರದ ಪದಕ ಕೊಡುತ್ತಾರೆ. ಗಾತ್ರ ನಾಣ್ಯದಷ್ಟು. ಅಮ್ಮ ಕನ್ನಡಕ ಹಾಕಿಕೊಂಡು ತಿರುಗಿಸಿ ನೋಡಿ, “ಇಷ್ಟಕ್ಕೆ ಅಷ್ಟು ದೂರ ಹೋದೆಯಾ? ನನ್ನ ಮೂಗುಬೊಟ್ಟಿಗಿಂತ ಚೂರು ದೊಡ್ಡದು!” ಎಂದಳು. ಆಮೇಲೆ ಅದನ್ನು ದೇವರ ಮುಂದೆ ಇಟ್ಟಳು. ಇವತ್ತಿಗೂ ಅಲ್ಲೇ ಇದೆ.

ಅಜ್ಜ ಅಜ್ಜಿಯರೇ, ನಿಮಗೂ ಒಂದು ಮಾತು. ಈ ಓಟವನ್ನು ಐದು ಸಲ ಗೆದ್ದ ವಾಲಿ ಹೇವರ್ಡ್, 1989ರಲ್ಲಿ ಮತ್ತೆ ಓಡಿದಾಗ ಅವರಿಗೆ 80 ವರ್ಷ. ಆಗಿನ ಗಡುವು 11 ಗಂಟೆ. ಎರಡು ನಿಮಿಷವೂ ಉಳಿದಿರಲಿಲ್ಲ, ತೂರಾಡುತ್ತಾ ಬಂದು ಮುಟ್ಟಿದರು. ನೀವು ತೊಂಬತ್ತು ಕಿಲೋಮೀಟರ್ ಓಡಬೇಕಿಲ್ಲ. ಸಂಜೆ ಮೊಮ್ಮಗುವಿನ ಕೈ ಹಿಡಿದು ಬೀದಿಯ ಕೊನೆಯವರೆಗೆ ಹೋಗಿ ಬನ್ನಿ.

ಐದನೇ ತರಗತಿಯ ಪುಟ್ಟಾ, ಹೌದು, ಸೋತಿದ್ದೇನೆ. ನಾಲ್ಕು ನಿಮಿಷದಿಂದ. ಆ ಪೊಟ್ಟಣದ ಕಾಗದ ಈಗಲೂ ನನ್ನ ಹತ್ತಿರ ಇದೆ. ಮುಂದಿನ ಸಲ ಬಂದಾಗ ತೋರಿಸುತ್ತೇನೆ.